ಕಾಲಂ ಕೆಳಗಿನ ಎರಡು ಸಾಲು

ನಮ್ಮ ಲ್ಯಾಬ್ ಪತ್ರಿಕೆಯನ್ನು ಯಾರೂ ಓದುವುದಿಲ್ಲ ಎಂಬುದೇ ನನ್ನ ದೊಡ್ಡ ಧೈರ್ಯವಾಗಿತ್ತು. ನಂಜನಗೂಡಿನ ಕಾಲೇಜೊಂದರಲ್ಲಿ ನಾನು ಪತ್ರಿಕೋದ್ಯಮ ಕಲಿಸುತ್ತೇನೆ. ಪ್ರತಿ ಸೆಮಿಸ್ಟರಿನಲ್ಲಿ ಮಕ್ಕಳೇ ಸುದ್ದಿ ತಂದು, ಮಕ್ಕಳೇ ಪುಟ ಕಟ್ಟಿ, ನಾಲ್ಕು ಪುಟದ ಒಂದು ಪತ್ರಿಕೆ ಹೊರಡಿಸಬೇಕು, ಅದಕ್ಕೆ ಅಂಕವಿದೆ. ಸಂಪಾದಕಿ ನಾನು. ಅಚ್ಚಾದದ್ದರಲ್ಲಿ ಒಂದಷ್ಟು ಅಪ್ಪ ಅಮ್ಮಂದಿರ ಕೈ ಸೇರುತ್ತದೆ, ಮಿಕ್ಕಿದ್ದು ರದ್ದಿಗೆ. ಪ್ರಾಂಶುಪಾಲರು ತಮ್ಮ ಫೋಟೊ ಎಲ್ಲಿದೆ ಎಂದು ನೋಡಿ ಮಡಿಚಿಡುತ್ತಾರೆ. ಓದುಗರಿಲ್ಲದ ಪತ್ರಿಕೆಗೆ ಶತ್ರುಗಳೂ ಇಲ್ಲ ಎಂದು ನಾನೇ ಕ್ಲಾಸಿನಲ್ಲಿ ತಮಾಷೆ ಮಾಡುತ್ತಿದ್ದೆ.

ಆ ಸಲ ಚಿಕ್ಕಯ್ಯನಛತ್ರದ ಕಡೆಯ ಹುಡುಗಿಯೊಬ್ಬಳು ಮರಳಿನ ವರದಿ ತಂದಳು. ಮೊದಲ ಬೆಂಚಿನಲ್ಲೂ ಕೂರದೆ ಕೊನೆಯ ಬೆಂಚಿನಲ್ಲೂ ಕೂರದೆ ನಡುವೆ ಎಲ್ಲೋ ಅಡಗಿಕೊಳ್ಳುವ ಹುಡುಗಿ. ಹೊಳೆಯಿಂದ ಮರಳನ್ನು ಯಾವ ದಾರಿಯಲ್ಲಿ ಕದ್ದು ಸಾಗಿಸುತ್ತಾರೆ, ಎಲ್ಲಿ ಗುಡ್ಡೆ ಹಾಕುತ್ತಾರೆ, ಎಲ್ಲವೂ ಅದರಲ್ಲಿತ್ತು. ದೊಡ್ಡ ಪತ್ರಿಕೆಯವರಿಗೂ ಸಿಗದ ಸುದ್ದಿ. ಮಾಹಿತಿ ಕೊಟ್ಟವರು ಮಾತ್ರ 'ಹೆಸರು ಹೇಳಲು ಬಯಸದ ಟ್ರ್ಯಾಕ್ಟರ್ ಚಾಲಕ'.

ಸ್ಟಾಫ್ ರೂಮಿನ ಬಾಗಿಲು ಮುಂದೆ ಮಾಡಿ ಕೇಳಿದೆ. "ಓದುವವರಿಗೆ ಗೊತ್ತಾಗಬೇಕಿಲ್ಲ, ಸಂಪಾದಕಿಗೆ ಗೊತ್ತಿರಬೇಕು. ಯಾರಿದು?"

"ಅಪ್ಪ," ಅಂದಳು.

ನನಗೆ ಹೆಮ್ಮೆಯೂ ಆಯಿತು, ಭಯವೂ ಆಯಿತು. ಆ ಮರಳಿನವರ ಟ್ರ್ಯಾಕ್ಟರನ್ನೇ ಅವಳಪ್ಪ ಓಡಿಸುತ್ತಿದ್ದುದು. ವರದಿಯ ಮೇಲಿದ್ದ ಅವಳ ಹೆಸರು ತೆಗೆದು 'ನಮ್ಮ ತಂಡದಿಂದ' ಎಂದು ಮಾಡಿದೆ. ಒಂದು ವಾಕ್ಯವನ್ನಂತೂ ಕೆಂಪು ಪೆನ್ನಿನಲ್ಲಿ ಎರಡೆರಡು ಸಲ ಹೊಡೆದೆ: 'ಎಡಗೈಯ ಎರಡು ಬೆರಳು ಕಳೆದುಕೊಂಡಿರುವ ಈ ಚಾಲಕ ಈಗಲೂ ಹೊಳೆಯ ಕಡೆ ನೋಡಿ ಕೈಮುಗಿದೇ ಕೆಲಸಕ್ಕೆ ಇಳಿಯುತ್ತಾರೆ.' ಹೆಸರಿಲ್ಲದಿದ್ದರೂ ಮನುಷ್ಯ ಕಾಣಬೇಕು ಎಂದು ನಾನು ಪಾಠ ಮಾಡಿದ್ದೆನಲ್ಲ, ಹಾಗೆ ಬರೆದಿದ್ದಳು. ಚೆನ್ನಾಗಿಯೇ ಬರೆದಿದ್ದಳು. ಆದರೆ ಆ ಬೆರಳುಗಳು ಹೆಸರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದವು. ಪ್ರೂಫ್ ನೋಡಿದೆ, ವಾಕ್ಯ ಇರಲಿಲ್ಲ. ನಿಶ್ಚಿಂತೆಯಿಂದ ಸಹಿ ಹಾಕಿದೆ.

ನನ್ನ ಮನೆ ಇರುವುದು ತಿ. ನರಸೀಪುರದಲ್ಲಿ. ಪತ್ರಿಕೆ ಬಂದು ಕೆಲವು ದಿನಗಳಾದ ಮೇಲೆ ಸಂಜೆ ಬಸ್ಸಿಳಿದು, ಬಸ್ ಸ್ಟ್ಯಾಂಡಿನ ಗಾಡಿಯವನ ಹತ್ತಿರ ಮೆಣಸಿನಕಾಯಿ ಬೋಂಡ ಕಟ್ಟಿಸಿಕೊಂಡೆ. ಪೊಟ್ಟಣದ ಮೇಲೆ ನಮ್ಮದೇ ಅಕ್ಷರ. ಬಂತಪ್ಪ ನಮ್ಮ ಪತ್ರಿಕೆಗೂ ಪ್ರಸಾರ ಎಂದು ನಗು ಬಂತು. ಎಣ್ಣೆ ಇಳಿದ ಕಾಗದದಲ್ಲಿ ಕಾಲಮ್ಮಿನ ಕೆಳಗಿನ ಎರಡು ಸಾಲು ಇನ್ನೂ ಕಪ್ಪಗೆ ಕಾಣುತ್ತಿದ್ದವು. ಎಡಗೈಯ ಎರಡು ಬೆರಳು.

ಸುತ್ತ ನೋಡಿದರೆ ಹತ್ತಾರು ಜನ ಬೋಂಡ ತಿನ್ನುತ್ತಿದ್ದಾರೆ. ಯಾರ ಕೈಯಲ್ಲಿ ಯಾವ ಪುಟವೋ. ಒಬ್ಬ ಬಾಯಾಡಿಸುತ್ತಾ ಕಾಗದವನ್ನು ದೂರ ಹಿಡಿದು ಓದುತ್ತಲೇ ಇದ್ದ. ನಮ್ಮ ಜನ ಕೊಂಡ ಪೇಪರನ್ನು ಓದದಿದ್ದರೂ ಕಟ್ಟಿಕೊಟ್ಟ ಪೇಪರನ್ನು ಬಿಡುವುದಿಲ್ಲ. ಅವನ ಕೈಯಿಂದ ಕಿತ್ತುಕೊಳ್ಳಬೇಕೆನಿಸಿತು. ನನ್ನ ಪೊಟ್ಟಣವನ್ನು ಮಾತ್ರ ಮಡಿಚಿ ಬ್ಯಾಗಿಗೆ ತುರುಕಿದೆ.

ಮಾರನೆಯ ದಿನ ಪುಟ ಕಟ್ಟಿದ ವಿದ್ಯಾರ್ಥಿಯನ್ನು ಕರೆದೆ. "ಕೊನೇ ಗಳಿಗೇಲಿ ಹೆಡ್ಡಿಂಗ್ ಚಿಕ್ಕದಾಯ್ತು ಮೇಡಂ, ಕಾಲಂ ಕೆಳಗೆ ಎರಡು ಸಾಲು ಗ್ಯಾಪ್ ಬಿತ್ತು. ಪ್ರೆಸ್‌ನೋರು ಅರ್ಜೆಂಟ್ ಮಾಡ್ತಿದ್ರು. ನೀವು ಹೊಡ್ದಿದ್ ಸೆಂಟೆನ್ಸ್ ಹಾಕ್ದೆ, ಕರೆಕ್ಟಾಗಿ ಕೂತ್ಕೊಳ್ತು," ಎಂದ. ಶಾಬಾಸ್ ಅನ್ನುತ್ತೇನೆ ಎಂದು ಕಾಯುತ್ತಿದ್ದ. ಏನೆಂದು ಬೈಯಲಿ? ನಮ್ಮ ಕಸುಬಿನಲ್ಲಿ ಖಾಲಿ ಜಾಗ ಬಿಡುವುದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ.

ಮರಳಿನವರು ಬರುತ್ತಾರೆ ಎಂದು ಗೊತ್ತಿತ್ತು. ಇಬ್ಬರು, ಇಸ್ತ್ರಿ ಮಾಡಿದ ಬಿಳಿ ಶರ್ಟು, ಕ್ಲಾಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಆ ಮರ್ಯಾದೆಯೇ ನನ್ನನ್ನು ಹೆಚ್ಚು ಹೆದರಿಸಿತು. ದೊಡ್ಡವನು ಜೇಬಿನಿಂದ ಬೋಂಡ ಕಟ್ಟಿದ್ದ ಎಣ್ಣೆ ಕಾಗದ ತೆಗೆದು ಮೇಜಿನ ಮೇಲೆ ಹರಡಿದ.

"ತೊಂದ್ರೆ ಕೊಡಾಕ್ ಬಂದಿಲ್ಲ ಮೇಡಂ. ಎರಡು ಬೆರಳಿಲ್ದ ಡ್ರೈವರು ನಮ್ ತಾವ ಒಬ್ನೇ ಇರಾದು. ಕೇಳುದ್ರೆ ನಾನಲ್ಲ ಅಂತ ಆಣೆ ಇಕ್ತಾವ್ನೆ. ನೀವು ಓದಿರೋರು, ಸುಳ್ಳು ಏಳಲ್ಲ. ಅವ್ನೇ ತಾನೆ? ಊಂ ಅನ್ನಿ ಸಾಕು, ಓಯ್ತೀವಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ. ವರದಿಯಲ್ಲಿ ಇವರ ಹೆಸರೇ ಇರಲಿಲ್ಲ. ಹಾಗೆಂದು ಕೇಳುವ ಗುಂಡಿಗೆ ನನಗಿರಲಿಲ್ಲ. ಹುಡುಗಿ ನಡುವಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಅವಳ ಕಡೆ ನೋಡಬಾರದು, ನೋಡಬಾರದು ಎಂದು ಗೋಡೆಯನ್ನೇ ನೋಡುತ್ತಾ ಬಾಯಿಬಿಟ್ಟೆ.

"ಯಾವ ಡ್ರೈವರೂ ಇಲ್ಲಪ್ಪ. ಇದು ಡಮ್ಮಿ ಸುದ್ದಿ. ಪುಟ ಕಟ್ಟೋದು ಕಲಿಸೋಕೆ ನಾವೇ ಸುದ್ದಿ ಕಟ್ತೀವಿ."

ಬೀರುವಿನಿಂದ ಹಿಂದಿನ ವರ್ಷದ ಅಭ್ಯಾಸದ ಪುಟವೊಂದನ್ನು ತೆಗೆದು ಕೊಟ್ಟೆ. ಅದರಲ್ಲಿ ಆನೆಯೊಂದು ಹುಲ್ಲಹಳ್ಳಿಯಲ್ಲಿ ಬಸ್ಸು ಹತ್ತಿತ್ತು, ಟಿಕೆಟ್ ಇಲ್ಲವೆಂದು ಕಂಡಕ್ಟರ್ ಇಳಿಸಿದ್ದ. ದೊಡ್ಡವನು ತುಟಿ ಅಲ್ಲಾಡಿಸುತ್ತಾ ಪೂರ್ತಿ ಓದಿ ನಕ್ಕ. ಮತ್ತೆ ನಗು ನಿಲ್ಲಿಸಿ ಕ್ಲಾಸಿನ ಕಡೆ ತಿರುಗಿದ.

"ಮರಳಿಂದು ಕಟ್ಟಿದ್ಯಾರು?"

ಬೆಂಚು ಕಿರುಗುಟ್ಟಿತು. ಹುಡುಗಿ ಎದ್ದು ನಿಂತಿದ್ದಳು. "ನಾನೇ ಸಾ. ಸುಮ್ನೆ ಮನಸಿಂದ ಬರ್ದೆ."

"ಚೆನ್ನಾಗ್ ಕಟ್ಟಿದ್ಯ ಕಣವ್ವ. ಯಾವೂರು ನಿಂದು?"

ಊರು ಹೇಳಿದರೆ ಅಪ್ಪ ಯಾರೆಂದು ಹೇಳಿದಂತೆಯೇ. "ತಾಂಡವಪುರ," ಅಂದಳು, ಒಂದಿಷ್ಟೂ ತೊದಲದೆ. ಅವಳ ಊರು ಗೊತ್ತಿದ್ದ ಇಡೀ ಕ್ಲಾಸು ಬಾಯಿ ಬಿಡಲಿಲ್ಲ. ಅವರಿಬ್ಬರೂ ಚಪ್ಪಲಿ ಮೆಟ್ಟಿ ಹೊರಟರು. ಎಣ್ಣೆ ಕಾಗದವನ್ನು ಮರೆಯದೆ ತೆಗೆದುಕೊಂಡು ಹೋದರು. ಏಕೆ ತೆಗೆದುಕೊಂಡು ಹೋದರು ಎಂದು ಇವತ್ತಿಗೂ ಯೋಚಿಸುತ್ತೇನೆ.

ಅಂದಿನಿಂದ ನನಗೊಂದು ರೋಗ ಅಂಟಿತು. ಬೆಳಗ್ಗೆ ಹಾಜರಿ ಕೂಗುವಾಗ ಅವಳ ನಂಬರು ಬರುವ ಮೊದಲೇ ಪೆನ್ನು ನಿಂತುಬಿಡುತ್ತಿತ್ತು. ಅವಳು 'ಪ್ರೆಸೆಂಟ್ ಮೇಡಂ' ಎಂದ ಮೇಲೆ ನಾನು ತಲೆಯೆತ್ತಿ ನೋಡುತ್ತಿದ್ದೆ, ಅವಳು ಒಂದು ಸಲ ತಲೆಯಾಡಿಸುತ್ತಿದ್ದಳು. ಅಪ್ಪ ಕೆಲಸದಿಂದ ಮನೆಗೆ ಬಂದಿದ್ದಾರೆ ಎಂದು ಅದರ ಅರ್ಥ. ನಾವಿಬ್ಬರೂ ಮಾತಾಡಿಕೊಂಡು ಮಾಡಿದ್ದಲ್ಲ, ತಾನಾಗಿ ಬೆಳೆದದ್ದು. ಅದಾದ ಮೇಲೆ ನಾನು ಮುಂದಿನ ನಂಬರು ಕೂಗುತ್ತಿದ್ದೆ.

ಸೆಮಿಸ್ಟರ್ ಕೊನೆಗೆ ಪ್ರಾಯೋಗಿಕ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು ಶಿಸ್ತಿನ ಮನುಷ್ಯ, ಪತ್ರಿಕೆಯ ಒಂದೊಂದು ಸಾಲನ್ನೂ ಓದಿಕೊಂಡು ಬಂದಿದ್ದರು. ಅವಳನ್ನು ಎದುರು ಕೂರಿಸಿ, ಅಂಕದ ಪಟ್ಟಿಯಲ್ಲಿ ಅವಳದೆಂದು ನಮೂದಾಗಿದ್ದ ಮರಳಿನ ವರದಿಯ ಮೇಲೆ ಬೆರಳಿಟ್ಟರು. "ಅದ್ಭುತವಾಗಿದೆ. ಮೂಲ ಯಾರಮ್ಮ?"

ಅವಳು ನನ್ನನ್ನು ನೋಡಿದಳು. ಕಾಫಿ ತಂದಿದ್ದ ಕ್ಯಾಂಟೀನಿನವನು ಲೋಟ ಕಾಯುತ್ತಾ ಬಾಗಿಲಲ್ಲೇ ನಿಂತಿದ್ದ. ಅವನು ಒಳ್ಳೆಯವನೇ. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಮೂಲ ಯಾರೂ ಇಲ್ಲ ಸರ್. ಕಟ್ಟಿ ಬರ್ದಿದ್ದು," ಅಂದಳು.

ಪರೀಕ್ಷಕರ ಮುಖ ಕಪ್ಪಿಟ್ಟಿತು. ಸುಳ್ಳನ್ನು ಸುದ್ದಿ ಮಾಡುವವರಿಂದಲೇ ಈ ವೃತ್ತಿ ಹಾಳಾಗಿರುವುದು, ಕಥೆ ಬರೆಯುವ ಆಸೆಯಿದ್ದರೆ ಇಲ್ಲಿಗೆ ಯಾಕೆ ಬಂದೆ ಎಂದು ಬೈದರು. ಅವರ ಒಂದೊಂದು ಮಾತೂ ಸರಿ, ಎಲ್ಲವೂ ನಾನೇ ಕಲಿಸುವ ಪಾಠ. ಅವಳಿಗೆ ಪಾಸಾಗುವಷ್ಟು ಅಂಕ ಹಾಕಿ ಹಾಳೆಯನ್ನು ನನ್ನ ಕಡೆ ತಳ್ಳಿದರು. ಅವರ ಸಹಿಯ ಪಕ್ಕ ನನ್ನ ಸಹಿಯೂ ಬೇಕಿತ್ತು. ಹಾಕಿದೆ.

ಅವಳು ಅಳಲಿಲ್ಲ. ಎದ್ದು ಕುರ್ಚಿಯನ್ನು ಸದ್ದಾಗದಂತೆ ಒಳಗೆ ಸರಿಸಿದಳು. ಬಾಗಿಲ ಹತ್ತಿರ ಹೋಗಿ ತಿರುಗಿ ನೋಡಿದಳು. ಅವತ್ತು ಪರೀಕ್ಷೆಯಾದ್ದರಿಂದ ಹಾಜರಿ ಕೂಗಿರಲಿಲ್ಲ. ನಾನು ತಲೆಯೆತ್ತಿದೆ. ಅವಳು ಒಂದು ಸಲ ತಲೆಯಾಡಿಸಿ ಹೋದಳು.