ಗುಂಡಿ ಡಬ್ಬಿಯ ಗುಳಿಗೆಗಳು

ಚಿಕ್ಕಮ್ಮನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆಸ್ಪತ್ರೆಯವರ ಮೇಲೆ ಅದಕ್ಕಿಂತ ಹೆಚ್ಚು.

ಅವಳು ದರ್ಜಿಗಳಿಗೆ ಕಾಜಾ ಹೊಲಿದು ಗುಂಡಿ ಹಚ್ಚಿಕೊಡುವವಳು. ಇಡೀ ಬೀದಿಗೆ ಕಾಜಾ ಚಿಕ್ಕಮ್ಮ. ನಡುವಯಸ್ಸಿನಲ್ಲಿ ಅದ್ಯಾವುದೋ ಅಪರೂಪದ ಕಾಯಿಲೆ ವಕ್ಕರಿಸಿತು. ಏನನ್ನು ಹಿಡಿದರೂ ಬೆರಳು ಬಿಚ್ಚುತ್ತಿರಲಿಲ್ಲ. "ನಿಮ್ಮ ಚಿಕ್ಕಪ್ಪನ ಕಿವಿ ಹಿಂಡುವಾಗ ಹೀಗಾಗಬಾರದಿತ್ತಾ?" ಎಂದು ನಗಿಸುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಆ ಬೆರಳುಗಳೇ ಅವಳ ಅನ್ನ.

ದೊಡ್ಡಾಸ್ಪತ್ರೆಯಲ್ಲಿ ಈ ಕಾಯಿಲೆಗೆ ಹೊಸ ಔಷಧಿಯ ಪರೀಕ್ಷೆ ಶುರುವಾಯಿತು. ಚಿಕ್ಕಮ್ಮನೂ ಸೇರಿದಳು. "ಅರ್ಧ ಜನಕ್ಕೆ ನಿಜವಾದ ಔಷಧಿ, ಉಳಿದವರಿಗೆ ಬರೀ ಸಕ್ಕರೆ ಗುಳಿಗೆ. ಯಾರಿಗೆ ಯಾವುದು ಅಂತ ನಮಗೂ ಗೊತ್ತಿರಲ್ಲ" ಎಂದು ಒಂದೇ ಉಸಿರಿಗೆ ಒದರಿ ಡಾಕ್ಟರು ಪಕ್ಕದ ಕೋಣೆಗೆ ನಡೆದರು. ಯಾಕೆ ಹಾಗೆ ಎಂದು ಹೇಳುವಷ್ಟು ಪುರುಸೊತ್ತು ಆ ಮಹಾನುಭಾವರಿಗಿರಲಿಲ್ಲ.

ತಿಂಗಳು ತಿಂಗಳು ಹೋಗಿ ಬಂದು ಮಾಡಿದಳು. ಬೆರಳು ಸಡಿಲವಾಗತೊಡಗಿತು. ಸೂಜಿ ಹಿಡಿಯುತ್ತಿದ್ದಳು, ಬಿಡುತ್ತಿದ್ದಳು. ಮನೆಯಲ್ಲಿ ಎಲ್ಲರಿಗೂ ಜೀವ ಬಂದಂತಾಯಿತು.

ಕೊನೆಯ ಸಲ ಚಿಕ್ಕಮ್ಮನ ಜೊತೆ ನಾನೂ ಹೋಗಿದ್ದೆ. ಡಾಕ್ಟರು ಎಲ್ಲರನ್ನೂ ಕೂರಿಸಿ ಹೇಳಿದರು: "ಸಕ್ಕರೆ ತಿಂದವರಿಗೂ ಅಷ್ಟೇ ವಾಸಿಯಾಗಿದೆ. ಅಂದ್ರೆ ಔಷಧಿಯಲ್ಲಿ ಏನೂ ಇಲ್ಲ, ಎಲ್ಲಾ ನಿಮ್ಮ ಮನಸ್ಸಿನ ಭ್ರಮೆ. ಇಲ್ಲಿಗೆ ನಿಲ್ಲಿಸ್ತಿದೀವಿ."

ಚಿಕ್ಕಮ್ಮ ಎದ್ದು ನಿಂತಳು. "ಅದ್ಹೇಗೆ ಭ್ರಮೆ ಆಗತ್ತೆ ಸಾರ್? ನಾವೆಲ್ಲ ಬೆರೆಸಿ ತಿಂತಿದ್ವಲ್ಲ!"

ಪ್ರತಿ ತಿಂಗಳೂ ಹೊರಗಿನ ಬೆಂಚಿನ ಮೇಲೆ ಎಲ್ಲರ ಗುಳಿಗೆಯನ್ನೂ ತನ್ನ ಗುಂಡಿ ಡಬ್ಬಿಗೆ ಸುರಿದು, ಚೆನ್ನಾಗಿ ಕುಲುಕಿ, ಸಮನಾಗಿ ಹಂಚುತ್ತಿದ್ದಳಂತೆ. ಯಾರ ಪಾಲಿಗೂ ಬರೀ ಸಕ್ಕರೆ ಬರಬಾರದಲ್ಲ!

ಡಾಕ್ಟರು ತಲೆ ಮೇಲೆ ಕೈ ಹೊತ್ತು ಕುಳಿತರು. "ಔಷಧಿ ತಿಂದವರನ್ನೂ ಸಕ್ಕರೆ ತಿಂದವರನ್ನೂ ಹೋಲಿಸಿ ನೋಡೋಕೇ ಅಲ್ವೇನಮ್ಮ ಇಷ್ಟೆಲ್ಲ ಮಾಡಿದ್ದು?"

"ಅದನ್ನ ಅವತ್ತೇ ಹೇಳೋಕೆ ನಿಮ್ಮ ಬಾಯಿಗೆ ಏನಾಗಿತ್ತು?" ನಾನು ಕೂಗಾಡಿದೆ. "ಇನ್ನೊಂದ್ಸಲ ಶುರು ಮಾಡಿ!"

"ಔಷಧಿ ಕಂಪನಿಯವರು ಒಪ್ಪಲ್ಲ. ಎಷ್ಟು ಜನಕ್ಕೆ ಬರತ್ತೆ ಈ ಕಾಯಿಲೆ?"

ಚಿಕ್ಕಮ್ಮನಿಗೆ ಬಂದಿದೆಯಲ್ಲ! ಅದು ಲೆಕ್ಕಕ್ಕೇ ಇಲ್ಲವೇ? ನನ್ನ ಮೈ ಉರಿದುಹೋಯಿತು.

ಗುಳಿಗೆ ನಿಂತ ಕೆಲವೇ ವಾರಗಳಲ್ಲಿ ಬೆರಳು ಮತ್ತೆ ಮೊದಲಿನಂತಾಯಿತು. ನಿನ್ನೆ ಅವಳ ಕೈಯಿಂದ ಕತ್ತರಿ ಬಿಡಿಸುತ್ತಾ ನನಗೆ ತಡೆಯಲಾಗಲಿಲ್ಲ. "ನಿನ್ನ ಪಾಡಿಗೆ ನೀನು ನುಂಗಿದ್ರೆ ಏನಾಗ್ತಿತ್ತು? ಇವತ್ತು ಅಂಗಡಿಯಲ್ಲೇ ಔಷಧಿ ಸಿಗ್ತಿತ್ತು!"

ಅವಳಿಗೂ ರೇಗಿತು. "ಆ ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬ ಬಾಣಂತಿ ಕೂತಿರೋಳು ಕಣೇ. ಬೆರಳು ಬಿಚ್ಚದೆ ಕೂಸಿಗೆ ಎಲ್ಲಿ ನೋವಾಗತ್ತೋ ಅಂತ ಅದನ್ನ ಎತ್ಕೊಳ್ಳೋಕೇ ಹೆದರೋಳು. ನೀನು ಸಕ್ಕರೆ ತಿನ್ಕೊಂಡಿರಮ್ಮ ಅಂತ ಅವಳಿಗೆ ಯಾವ ಬಾಯಲ್ಲಿ ಹೇಳ್ಲಿ? ನೀನಾದ್ರೆ ಹೇಳ್ತಿದ್ಯಾ?"

ಹೇಳುತ್ತಿರಲಿಲ್ಲ. ಅದಕ್ಕೇ ಇಷ್ಟು ಸಿಟ್ಟು. ಅವಳ ಕಿರುಬೆರಳು ಇನ್ನೂ ಬಿಚ್ಚಿರಲಿಲ್ಲ.