ಹೆಬ್ಬಾವಿಗೊಂದು ಪೆಟ್ಟಿಗೆ

ಗಲ್ಫಿನ ಅಲ್ ಕೂಜ್‌ನ ನಮ್ಮ ಮರಗೆಲಸದ ಅಂಗಡಿಯಲ್ಲಿ ಮಂಗಳೂರಿನ ಟೀಚರೊಬ್ಬರು, ತಾವು ಸಾಕಿದ ಹೆಬ್ಬಾವಿಗೆ ಮೊಟ್ಟೆಯಿಡಲು ಪೆಟ್ಟಿಗೆ ಮಾಡಿಸಿದರು. ನಾನೇ ಅದನ್ನು ಅವರ ಫ್ಲಾಟಿಗೆ ಒಯ್ದೆ. ಒಳಗೆ ಒದ್ದೆ ಪಾಚಿ ಹಾಸುತ್ತಿದ್ದಾಗ ಹಾವು ಬಂದು ನನ್ನ ತೋಳಿನ ಮೇಲೆ ತಲೆಯಿಟ್ಟಿತು.

"ಅಲ್ಲಾಡಬೇಡಿ ಅಣ್ಣ. ಈಗ ಹೆದರಿದರೆ ಅವಳು ಮತ್ತೆ ಪೆಟ್ಟಿಗೆ ಹತ್ತಿರ ಬರುದಿಲ್ಲ," ಎಂದರು ಟೀಚರ್.

"ಎಷ್ಟು ಹೊತ್ತು?"

"ಅವಳಿಗೆ ಸಾಕನಿಸುವವರೆಗೆ."

ಪರದೆ ಎಳೆದ ಕೋಣೆ ಬೆಚ್ಚಗಿತ್ತು. ರಸ್ತೆಯ ಸದ್ದು ದೂರದ ಕಡಲಿನ ಹಾಗೆ ಕೇಳುತ್ತಿತ್ತು. ನನ್ನ ಹೆದರಿಕೆ ಯಾವಾಗ ಕರಗಿತೋ ತಿಳಿಯಲಿಲ್ಲ. ಕೊನೆಗೆ ಅವಳು ಮೆಲ್ಲಗೆ ತೋಳಿನಿಂದಿಳಿದು ಪಾಚಿಯಲ್ಲಿ ಸುರುಳಿ ಸುತ್ತಿ ಮಲಗಿದಳು.

ಹೊರಗೆ ಬಂದಾಗ ಹೊಸ ಫೋರ್‌ಮನ್ ಫೋನ್ ಮಾಡಿ, ಇಷ್ಟು ಹೊತ್ತು ಎಲ್ಲಿದ್ದೆ ಎಂದು ಕೇಳಿದ. ಹೆರಿಗೆಗೆ ತಯಾರಿ ನಡೆದಿತ್ತು ಎಂದೆ. ಅವನು ಮುಬಾರಕ್ ಹೇಳಿ ಮರುದಿನ ರಜೆ ಕೊಟ್ಟ. ನಾನೂ ಬೇಡವೆನ್ನಲಿಲ್ಲ.