ಹೊಲಿಗೆ ಬಿಚ್ಚೀತೆಂಬ ಅಂಜಿಕೆ

ಹತ್ತಿಮತ್ತೂರಿನಲ್ಲಿ ಸ್ಕ್ಯಾನಿಂಗ್ ಎಂದರೆ ಬಸುರಿಯರಿಗೆ ಮಾಡಿಸುವುದು, ಅಷ್ಟೇ. ಹಾಗಾಗಿ ಶಿಗ್ಗಾಂವಿಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನ ತಂಗಿಯ ಮಗಳ ಎದೆಗೆ ಅಂಟು ಸವರಿ ಯಂತ್ರ ಆಡಿಸಿದಾಗ ನಮ್ಮವ್ವ, ಅಂದರೆ ಕೂಸಿನ ಆಯಿ, ಮುಖ ಸಿಂಡರಿಸಿದಳು. ಕರುಳು ಸುತ್ತಿಕೊಂಡಿದೆಯೆಂದು ಐದು ವರ್ಷದ ಕೂಸಿಗೆ ಹಿಂದಿನ ದಿನ ಹೊಟ್ಟೆಯ ಆಪರೇಷನ್ ಆಗಿತ್ತು.

"ಕೊಯ್ದದ್ದು ಹೊಟ್ಟಿ, ನೋಡೋದು ಎದಿ. ಏನ್ ಡಾಕ್ಟರೋ ಏನೋ," ಎಂದು ನನ್ನ ಕಿವಿಯಲ್ಲಿ ಗೊಣಗಿದಳು.

ಡಾಕ್ಟರಮ್ಮ ಪರದೆಯನ್ನು ನಮ್ಮತ್ತ ತಿರುಗಿಸಿದರು. ನನಗೆ ಕಂಡದ್ದು ಬರೀ ಬೂದಿಬಣ್ಣ.

"ಇಲ್ನೋಡ್ರಿ, ಎಡಗಡೆ ಪುಪ್ಪಸದಾಗ ಕೆಳಗ ಗಾಳಿ ತುಂಬವಲ್ತು. ಈಗ ಆರಾಮ ಕಾಣ್ತಾಳ, ಹಿಂಗ ಮಲಗಿಸಿ ಬಿಟ್ರ ನಾಳೆ ಉಸಿರಿಗೆ ತ್ರಾಸ ಆಗ್ತೈತಿ. ಎಬ್ಬಿಸಿ ಕುಂದರಸ್ರಿ, ಜೋರಾಗಿ ಊದಸ್ರಿ, ಕೆಮ್ಮಲಿ. ಅತ್ರೂ ಅಂಜಬ್ಯಾಡ್ರಿ, ಹೊಲಿಗಿಗೆ ಏನೂ ಆಗಂಗಿಲ್ಲ."

ನಾನು ಬಸ್‌ಸ್ಟ್ಯಾಂಡಿಗೆ ಹೋಗಿ ಸೋಪಿನ ಗುಳ್ಳೆ ಊದುವ ಡಬ್ಬಿ ತಂದೆ. ಕೂಸು ಗುಳ್ಳೆ ಬಿಟ್ಟು ನಕ್ಕಿತು, ಕೆಮ್ಮಿತು, ಹೊಟ್ಟೆ ನೊಂದು ಚೀರಿತು. ಅವ್ವ ಡಬ್ಬಿ ಕಸಿದುಕೊಂಡಳು.

"ಅಳಬ್ಯಾಡ ನನ್ನ ಬಂಗಾರ, ಹೊಲಿಗಿ ಬಿಚ್ಚತಾವ."

ನಮ್ಮ ಕಡೆ ಆಸ್ಪತ್ರೆಗೆ ನೋಡಲು ಬರುವವರು ಬಿಸ್ಕಿಟ್ ಪುಡಿಕೆ ತಂದರೆ ಸಾಲದು, ಒಂದು ಬುದ್ಧಿಮಾತೂ ತರಬೇಕು. ಹಿರೇಕೆರೂರಿನಿಂದ ಅತ್ತೆ ಬಂದಳು, ಹಾನಗಲ್ಲಿನಿಂದ ಕಾಕಾ ಬಂದ. "ಅಳಸಬ್ಯಾಡ್ರಿ, ಕೆಮ್ಮಾಕ ಬಿಡಬ್ಯಾಡ್ರಿ" ಎಂದರು. ಯಾರದೋ ಮೈದುನನ ಹೊಲಿಗೆ ಬಿಚ್ಚಿದ ಕತೆಯನ್ನು ಕಣ್ಣಾರೆ ಕಂಡವರಂತೆ ಹೇಳಿದರು. ನರ್ಸ್ ಬಂದು ಕೂಸನ್ನು ಕೂರಿಸಿ ಹೋಗುವಳು. ಆಕೆ ಬಾಗಿಲು ದಾಟುವ ಮೊದಲೇ ಅವ್ವ ಮಲಗಿಸುವಳು. ನಾನು ಜಗಳಕ್ಕೇ ನಿಂತೆ.

"ನಿನಗೇನ್ ಗೊತ್ತು? ಹಡದಾಕಿ ಏನ್ ನೀ?" ಎಂದಳು ಅವ್ವ. ಮಕ್ಕಳಿಲ್ಲದ ನನ್ನ ಬಾಯಿ ಮುಚ್ಚಿಸಲು ಅದೊಂದು ಮಾತು ಸಾಕಿತ್ತು. ಹಡೆದ ತಂಗಿ ಗೋಡೆಗೆ ಒರಗಿ ಅಳುತ್ತಿದ್ದಳು.

ಕೂಸು ಬೇಗ ಕಲಿಯಿತು. ಕೆಮ್ಮು ಬಂದರೆ ತುಟಿ ಬಿಗಿದು ನುಂಗುತ್ತಿತ್ತು. ಬಂದವರೆಲ್ಲ "ಭಾಳ ಶ್ಯಾಣ್ಯಾಕಿ" ಎಂದು ಹೊಗಳಿದರು. ಆ ಹೊಗಳಿಕೆ ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಮರುದಿನ ಮಧ್ಯಾಹ್ನ ಜ್ವರ ಏರಿತು. ಉಸಿರಿಗೊಮ್ಮೆ ಪಕ್ಕೆ ಒಳಕ್ಕೆ ಹೋಗತೊಡಗಿತು. ಡಾಕ್ಟರಮ್ಮ ಮತ್ತೆ ಯಂತ್ರ ಇಟ್ಟು ನೋಡಿದರು. ಈ ಸಲ ಪರದೆಯನ್ನು ನಮ್ಮತ್ತ ತಿರುಗಿಸಲಿಲ್ಲ. "ಹುಬ್ಬಳ್ಳಿಗೆ ಒಯ್ಯಬೇಕ್ರಿ" ಎಂದಷ್ಟೇ ಹೇಳಿದರು. ಆಗುವುದನ್ನು ಒಂದು ದಿನ ಮೊದಲೇ ಕಂಡಿದ್ದ ಹೆಂಗಸು ಆಕೆ. ಕಂಡು ಏನು ಬಂತು?

ಆಂಬುಲೆನ್ಸ್ ದಾರಿಯ ನಡುವಿನ ತಡಸ ಊರು ಮುಟ್ಟುವ ಹೊತ್ತಿಗೆ ಕೂಸಿನ ತುಟಿ ನೀಲಿಗಟ್ಟಿತ್ತು. ಆಗ ಅವ್ವನಿಗೆ ಡಾಕ್ಟರಮ್ಮನ ಮಾತು ನೆನಪಾಯಿತು.

"ಅಳು ನನ್ನವ್ವ, ಜೋರಾಗಿ ಅಳು," ಎಂದು ಕೂಸಿನ ಗಲ್ಲ ಹಿಡಿದು ಬೇಡಿಕೊಂಡಳು.

ಕೂಸು ತಲೆ ಅಲ್ಲಾಡಿಸಿತು. "ಬ್ಯಾಡ ಆಯಿ," ಎಂದಿತು, ಒಂದೊಂದು ಮಾತಿಗೂ ನಿಂತು. "ಹೊಲಿಗಿ ಬಿಚ್ಚತಾವ."

ಆಮೇಲೆ ಅದು ಮಾತಾಡಲಿಲ್ಲ. ಮಣ್ಣಿಗೆ ಒಯ್ಯುವ ಮುಂಚೆ ಮೈ ತೊಳೆದವಳು ನಾನು. ಹೊಲಿಗೆ ಒಂದೂ ಬಿಚ್ಚಿರಲಿಲ್ಲ.